ಯಂತ್ರಮಾನವನಿಗೊಂದು ಕಂಠ

೧೯೩೯ರಲ್ಲಿ ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ಏಳು ಅಡಿ ಎತ್ತರದ ‘ಎಲೆಕ್ಟ್ರೊ’ ಎಂಬ ಲೋಹದ ಯಂತ್ರಮಾನವನು ಮಾತನಾಡಿ ಜನರನ್ನು ಬೆರಗುಗೊಳಿಸಿದನು. ಅವನ ಮಾತೆಲ್ಲವೂ ಗ್ರಾಮಾಫೋನ್ ತಟ್ಟೆಗಳಲ್ಲಿ ಅಡಗಿದ್ದಿತು. ಇಂದು ಹವ್ಯಾಸಿಯೊಬ್ಬನು ಮನೆಯ ಮೇಜಿನ ಮೇಲೆ ಕಟ್ಟುವ ಅಂಗೈಯಗಲದ ಬಂಡಿಗೂ ಮಾತನ್ನೋ ಶಿಳ್ಳನ್ನೋ ಕಲಿಸಬಹುದು. ಅದರ ಮಿದುಳಾದ ಮೈಕ್ರೊಕಂಟ್ರೋಲರ್ ಧ್ವನಿಯ ಏರಿಳಿತಗಳನ್ನು ವಿದ್ಯುತ್ತಿನ ಏರಿಳಿತಗಳಾಗಿ ಸುಲಭವಾಗಿ ಒದಗಿಸಬಲ್ಲದು. ಅದನ್ನು ನೇರವಾಗಿ ಸ್ಪೀಕರಿಗೆ ಜೋಡಿಸಿದರೆ ಸಾಲದೇ ಎಂದು ವಾಚಕರು ಕೇಳಬಹುದು.

ಸಾಲದು. ೮ ಓಮ್ ರೋಧವುಳ್ಳ ಸ್ಪೀಕರಿಗೆ ೫ ವೋಲ್ಟ್ ಕೊಟ್ಟರೆ ಓಮನ ನಿಯಮದಂತೆ ಅದು ೬೨೫ ಮಿಲಿಆಂಪಿಯರ್ ಪ್ರವಾಹವನ್ನು ಬೇಡುತ್ತದೆ. ಪ್ರಸಿದ್ಧವಾದ ಆರ್ಡುಯಿನೊ ಯೂನೊ ಹಲಗೆಯ ಒಂದು ಕಾಲು ನಿರಾಯಾಸವಾಗಿ ಕೊಡಬಲ್ಲುದು ೨೦ ಮಿಲಿಆಂಪಿಯರ್ ಮಾತ್ರ. ಈ ಕೊರತೆಯನ್ನು ತುಂಬಲು ನಡುವೆ ಒಂದು ವರ್ಧಕ, ಎಂದರೆ ಆಂಪ್ಲಿಫೈಯರ್, ಇರಬೇಕು.

ಇದಕ್ಕೆ ‘ಎಲ್‌ಎಂ ೩೮೬’ ಎಂಬ ಎಂಟು ಕಾಲುಗಳ ಐ.ಸಿ. ಬಹುಕಾಲದಿಂದ ಹವ್ಯಾಸಿಗಳ ಮೆಚ್ಚಿನದು. ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಕಡೆಗಳಲ್ಲಿ ಇದು ದುರ್ಲಭವಲ್ಲ. ನಾಲ್ಕು ಸೆಲ್ಲುಗಳ ೬ ವೋಲ್ಟ್ ಬ್ಯಾಟರಿಯಿಂದ ೮ ಓಮ್ ಸ್ಪೀಕರಿಗೆ ಸುಮಾರು ವ್ಯಾಟಿನ ಮೂರನೆಯ ಒಂದು ಭಾಗದಷ್ಟು ಶಕ್ತಿಯನ್ನು ಅದು ನೀಡುತ್ತದೆ. ಒಂದು ಕೋಣೆಗೆ ಅಷ್ಟು ಸಾಕು. ಹೊರಗಿನಿಂದ ಏನನ್ನೂ ಸೇರಿಸದಿದ್ದಾಗ ಅದರ ವರ್ಧನೆ ೨೦ ಪಟ್ಟು.

ಇಲ್ಲಿ ಒಂದು ವಿಚಿತ್ರವಿದೆ. ವರ್ಧಿಸುವುದಕ್ಕೆ ಮೊದಲು ನಾವು ಸಂಕೇತವನ್ನು ಕುಗ್ಗಿಸಬೇಕು! ಈ ಐ.ಸಿ.ಯ ಒಳಬಾಗಿಲು ೦.೪ ವೋಲ್ಟಿಗಿಂತ ಹೆಚ್ಚನ್ನು ಸಹಿಸದು. ೫ ವೋಲ್ಟನ್ನು ನೇರವಾಗಿ ಕೊಡುವುದು ಅದಕ್ಕೆ ಅಪಾಯ. ಆದುದರಿಂದ ಮೈಕ್ರೊಕಂಟ್ರೋಲರಿನ ಕಾಲಿನಿಂದ ೦.೧ ಮೈಕ್ರೊಫ್ಯಾರಡ್ ಧಾರಕ, ಅನಂತರ ೨೨೦ ಕಿಲೋಓಮ್ ರೋಧಕ, ಅದರ ಮುಂದೆ ೧೦ ಕಿಲೋಓಮಿನ ವಾಲ್ಯೂಮ್ ಕಂಟ್ರೋಲ್, ಹೀಗೆ ಸಾಲಾಗಿ ಜೋಡಿಸಬೇಕು. ೫ ವೋಲ್ಟಿನ ಏರಿಳಿತವು ೦.೨೨ ವೋಲ್ಟಿಗೆ ಇಳಿಯುತ್ತದೆ. ಕಂಟ್ರೋಲಿನ ನಡುಗಾಲು ಐ.ಸಿ.ಯ ೩ನೆಯ ಕಾಲಿಗೆ ಹೋಗಲಿ. ೨ನೆಯ ಮತ್ತು ೪ನೆಯ ಕಾಲುಗಳು ಋಣತಂತಿಗೆ, ೬ನೆಯದು ಬ್ಯಾಟರಿಯ ಧನಧ್ರುವಕ್ಕೆ.

೫ನೆಯ ಕಾಲು ಹೊರಬಾಗಿಲು. ಅದು ಸದಾ ಬ್ಯಾಟರಿಯ ಅರ್ಧದಷ್ಟು, ಎಂದರೆ ೩ ವೋಲ್ಟಿನಲ್ಲಿ ನಿಂತಿದ್ದು, ಧ್ವನಿಗೆ ತಕ್ಕಂತೆ ಮೇಲಕ್ಕೂ ಕೆಳಕ್ಕೂ ತೂಗುತ್ತದೆ. ಈ ೩ ವೋಲ್ಟ್ ಸ್ಪೀಕರಿನ ಸುರುಳಿಯನ್ನು ವೃಥಾ ಕಾಯಿಸದಂತೆ ನಡುವೆ ೨೨೦ ಮೈಕ್ರೊಫ್ಯಾರಡಿನ ಎಲೆಕ್ಟ್ರೋಲಿಟಿಕ್ ಧಾರಕವನ್ನು, ಅದರ ಧನತುದಿ ಐ.ಸಿ.ಯ ಕಡೆಗಿರುವಂತೆ, ಇಡಬೇಕು. ಸೆಕೆಂಡಿಗೆ ಸುಮಾರು ೯೦ ಕಂಪನಗಳಿಗಿಂತ ಕೆಳಗಿನ ಮಂದ್ರಸ್ವರಗಳು ಇದರಿಂದ ಕ್ಷೀಣಿಸುತ್ತವೆ. ಪುಟ್ಟ ಸ್ಪೀಕರಿಗೆ ಅವು ಹೇಗೂ ಎಟುಕುವುದಿಲ್ಲ. ೧೦ ಓಮ್ ರೋಧಕವನ್ನೂ ೦.೦೪೭ ಮೈಕ್ರೊಫ್ಯಾರಡ್ ಧಾರಕವನ್ನೂ ಒಂದರ ಹಿಂದೊಂದು ಸೇರಿಸಿ ೫ನೆಯ ಕಾಲಿನಿಂದ ಋಣತಂತಿಗೆ ಜೋಡಿಸಿದರೆ, ಕಿವಿಗೆ ಕೇಳಿಸದ ಆವೃತ್ತಿಯಲ್ಲಿ ವರ್ಧಕವು ತಾನೇ ಕಂಪಿಸುವ ಚಪಲಕ್ಕೆ ಕಡಿವಾಣ ಬೀಳುತ್ತದೆ.

ಮೇಜಿನ ಮೇಲೆ ಇಷ್ಟಕ್ಕೇ ಕೆಲಸ ಮುಗಿದಂತೆ ತೋರುತ್ತದೆ. ಬಂಡಿಯ ಚಕ್ರಗಳು ತಿರುಗಿದೊಡನೆ ಸ್ಪೀಕರಿನಿಂದ ಮಾತಿಗಿಂತ ಮೊದಲು ಗೊರಗೊರ ಸದ್ದು ಹೊರಡುತ್ತದೆ. ರೇಡಿಯೋ ಪೆಟ್ಟಿಗೆಗೆ ಇಲ್ಲದ ಈ ಪೀಡೆ ಯಂತ್ರಮಾನವನಿಗೆ ಸಹಜವಾದುದು. ಅವನ ಕಾಲಿಗೂ ಕಂಠಕ್ಕೂ ಅನ್ನವಿಕ್ಕುವುದು ಒಂದೇ ಬ್ಯಾಟರಿ.

ಲೆಕ್ಕವನ್ನು ನೋಡೋಣ. ಋಣತಂತಿಯ ಒಂದು ತುಂಡಿನ ರೋಧ ೦.೦೫ ಓಮ್ ಎಂದೂ, ಮೋಟರು ಅದರ ಮೂಲಕ ೧ ಆಂಪಿಯರ್ ಸೆಳೆಯುತ್ತದೆಂದೂ ಇಟ್ಟುಕೊಳ್ಳಿ. ಆ ತುಂಡಿನ ಎರಡು ತುದಿಗಳ ನಡುವೆ ೦.೦೫ ವೋಲ್ಟ್ ಅಂತರ ಹುಟ್ಟುತ್ತದೆ. ನಕ್ಷೆಯಲ್ಲಿ ಎರಡನ್ನೂ ಸೊನ್ನೆ ಎಂದೇ ಬರೆದಿರುತ್ತೇವೆ. ತಂತಿಗೆ ನಕ್ಷೆಯ ಹಂಗಿಲ್ಲ. ವಾಲ್ಯೂಮ್ ಕಂಟ್ರೋಲಿನ ಕೆಳತುದಿ ಈ ತುಂಡಿನ ಒಂದು ತುದಿಗೂ ಐ.ಸಿ. ಇನ್ನೊಂದು ತುದಿಗೂ ಸೇರಿದ್ದರೆ, ಆ ೦.೦೫ ವೋಲ್ಟ್ ಇಪ್ಪತ್ತು ಪಟ್ಟಾಗಿ ೧ ವೋಲ್ಟಿನ ಗದ್ದಲವಾಗುತ್ತದೆ. ಮಾತಿನ ಪೂರ್ಣ ಅಬ್ಬರವೇ ಅತ್ತಿತ್ತ ೨ ವೋಲ್ಟ್ ಎಂಬುದನ್ನು ನೆನೆದರೆ ಇದರ ಉಪದ್ರವ ಎಷ್ಟೆಂದು ತಿಳಿದೀತು.

ಪರಿಹಾರಕ್ಕೆ ಖರ್ಚಿಲ್ಲ. ಕಂಟ್ರೋಲಿನ ಕೆಳತುದಿಯನ್ನು ಐ.ಸಿ.ಯ ೨ ಮತ್ತು ೪ನೆಯ ಕಾಲುಗಳ ಬುಡದಲ್ಲಿಯೇ ಬೆಸೆಯಬೇಕು. ಮೋಟರು, ಮೈಕ್ರೊಕಂಟ್ರೋಲರ್, ವರ್ಧಕ ಈ ಮೂರರ ಋಣತಂತಿಗಳೂ ಪ್ರತ್ಯೇಕವಾಗಿ ಹೊರಟು ಬ್ಯಾಟರಿಯ ಬಳಿ ಮಾತ್ರ ಕೂಡಬೇಕು. ಮೋಟರಿನ ಬ್ರಷ್ಷುಗಳಲ್ಲಿ ಹಾರುವ ಕಿಡಿಗಳ ಸದ್ದನ್ನು ತಡೆಯಲು ಅದರ ಎರಡು ತುದಿಗಳಿಗೆ ಅಡ್ಡಲಾಗಿ ೦.೧ ಮೈಕ್ರೊಫ್ಯಾರಡ್ ಧಾರಕವೊಂದನ್ನು ಬೆಸೆಯುವುದು ಒಳ್ಳೆಯದು. ಇನ್ನು ಬ್ಯಾಟರಿಯ ವೋಲ್ಟೇಜಿನ ತಲ್ಲಣ: ಐ.ಸಿ.ಯ ೭ನೆಯ ಕಾಲಿನಿಂದ ಋಣತಂತಿಗೆ ೧೦ ಮೈಕ್ರೊಫ್ಯಾರಡ್ ಧಾರಕವನ್ನಿಟ್ಟರೆ, ಸೆಕೆಂಡಿಗೆ ಸಾವಿರ ಕಂಪನಗಳ ಆವೃತ್ತಿಯಲ್ಲಿ ಆ ತಲ್ಲಣದ ಸುಮಾರು ಮುನ್ನೂರನೆಯ ಒಂದು ಪಾಲು ಮಾತ್ರ ಸ್ಪೀಕರನ್ನು ತಲಪುತ್ತದೆ. ಅನೇಕ ನಕ್ಷೆಗಳಲ್ಲಿ ಈ ಕಾಲನ್ನು ಖಾಲಿ ಬಿಟ್ಟಿರುತ್ತಾರೆ. ಬಂಡಿಯ ಮಟ್ಟಿಗೆ ಅದು ಸರಿಯಲ್ಲ.

೧ ಮತ್ತು ೮ನೆಯ ಕಾಲುಗಳ ನಡುವೆ ೧೦ ಮೈಕ್ರೊಫ್ಯಾರಡ್ ಸೇರಿಸಿ ವರ್ಧನೆಯನ್ನು ೨೦೦ಕ್ಕೆ ಏರಿಸುವ ಆಸೆ ಯಾರಿಗಾದರೂ ಆದೀತು. ಗದ್ದಲವೂ ಹತ್ತು ಪಟ್ಟಾಗುವುದರಿಂದ ಇಲ್ಲಿ ಅದು ಬೇಡ.

ಇಷ್ಟಾದರೂ ಸದ್ದು ಉಳಿದರೆ, ಚಕ್ರಗಳನ್ನು ನೆಲದಿಂದೆತ್ತಿ ತಿರುಗಿಸುತ್ತ ವಾಲ್ಯೂಮನ್ನು ಸೊನ್ನೆಗೆ ಇಳಿಸಿ ಕೇಳಬೇಕು. ಸದ್ದು ಅಡಗಿದರೆ ಅದು ಸಂಕೇತದ ತಂತಿಯ ದಾರಿಯಿಂದ ಬಂದದ್ದು. ಆ ತಂತಿಯನ್ನು ಮೋಟರಿನಿಂದ ದೂರ ಸರಿಸಬೇಕು. ಅಡಗದಿದ್ದರೆ ಋಣತಂತಿಯ ಬೆಸುಗೆಗಳನ್ನೂ ೭ನೆಯ ಕಾಲಿನ ಧಾರಕವನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು.