ವಾಕಾಟಕರ ರಾಜಧಾನಿ, ಇಂದು ಭತ್ತ ಬೆಳೆಯುವ ಹಳ್ಳಿ

ನಾಗಪುರದಿಂದ ರಾಮಟೇಕ್‌ಗೆ ಹೋದವರು ಸಾಮಾನ್ಯವಾಗಿ ಬೆಟ್ಟ ಹತ್ತಿ, ರಾಮನ ಗುಡಿ ನೋಡಿ, ಕಾಳಿದಾಸನ ಯಕ್ಷನನ್ನು ನೆನೆದು ಹಿಂತಿರುಗುತ್ತಾರೆ. ಅಲ್ಲಿಂದ ಏಳೆಂಟು ಕಿಲೊಮೀಟರ್ ದೂರದ ನಗರಧನ್‌ಗೂ ಹೋಗಬೇಕು. ಭತ್ತದ ಗದ್ದೆಗಳ ನಡುವಿನ ಈ ಪುಟ್ಟ ಹಳ್ಳಿ ಒಂದು ಕಾಲಕ್ಕೆ ನಂದಿವರ್ಧನ, ವಾಕಾಟಕ ಅರಸರ ರಾಜಧಾನಿ.

ಇಂದಿನ ಊರು ಕೂತಿರುವುದು ಹಳೆಯ ನಗರದ ಮೇಲೆಯೇ. ಊರಿನ ದಕ್ಷಿಣಕ್ಕಿರುವ ಕೋಟೆ ಮಾತ್ರ ಬಹಳ ಈಚಿನದು; ಈಗ ಕಾಣುವ ಕಟ್ಟಡ ನಾಗಪುರದ ಭೋಸಲೆಯರ ಕಾಲದ್ದೆಂದು ಹೇಳುತ್ತಾರೆ. ವಾಕಾಟಕರ ಕಾಲ ತಿಳಿಯಬೇಕಾದರೆ ನೆಲ ಅಗೆಯಬೇಕು. ಮಹಾರಾಷ್ಟ್ರದ ಪುರಾತತ್ವ ಇಲಾಖೆ ಮತ್ತು ಪುಣೆಯ ಡೆಕ್ಕನ್ ಕಾಲೇಜು ಸೇರಿ 2015ರಿಂದ 2018ರವರೆಗೆ ಇಲ್ಲಿ ಉತ್ಖನನ ನಡೆಸಿದವು. ಮಣ್ಣಿನ ಬಟ್ಟಲು, ಗಾಜಿನ ಕಿವಿಯೋಲೆ, ಕಬ್ಬಿಣದ ಉಳಿ, ಆಭರಣವೇ ಇಲ್ಲದ ಸರಳ ಗಣಪತಿ, ದನ, ಕುರಿ, ಆಡು, ಕೋಳಿಗಳ ಮೂಳೆ ಸಿಕ್ಕವು. ಅರಸರ ಊರಿನಲ್ಲೂ ಸಾಕುಪ್ರಾಣಿಗಳ ನಡುವಿನ ಬದುಕೇ ಇತ್ತು ಎಂಬುದಕ್ಕೆ ಈ ಮೂಳೆಗಳೇ ಸಾಕ್ಷಿ.

ಸಿಕ್ಕಿದ್ದರಲ್ಲಿ ಅತ್ಯಮೂಲ್ಯವಾದದ್ದು ಮೊಟ್ಟೆಯಾಕಾರದ ಒಂದು ಮಣ್ಣಿನ ಮುದ್ರೆ. ಉದ್ದ ನಾಲ್ಕು ಸೆಂಟಿಮೀಟರ್ ಕೂಡ ಇಲ್ಲ, ತೂಕ 6.4 ಗ್ರಾಂ. ಅದರ ಮೇಲೆ ಶಂಖದ ಚಿತ್ರ, ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ಪ್ರಭಾವತಿಗುಪ್ತೆಯ ಹೆಸರು. ಗುಪ್ತ ಚಕ್ರವರ್ತಿ ಎರಡನೇ ಚಂದ್ರಗುಪ್ತನ ಮಗಳಾದ ಈಕೆ ವಾಕಾಟಕ ದೊರೆ ಎರಡನೇ ರುದ್ರಸೇನನ ರಾಣಿ. ಗಂಡ ತೀರಿಕೊಂಡಾಗ ಮಕ್ಕಳಿನ್ನೂ ಚಿಕ್ಕವರು. ಐದನೇ ಶತಮಾನದ ಆರಂಭದಲ್ಲಿ ರಾಜ್ಯದ ಹೊಣೆ ಹೊತ್ತವಳು ಈಕೆಯೇ. ನಂದಿವರ್ಧನದಿಂದ ಹೊರಡಿಸಿದ ತಾಮ್ರಶಾಸನದಲ್ಲಿ ಮೊದಲು ಹೇಳಿಕೊಂಡಿರುವುದು ತನ್ನ ತವರಿನ ವಂಶಾವಳಿಯನ್ನು. ಹದಿನಾರು ಶತಮಾನಗಳ ಹಿಂದೆ ಹೆಣ್ಣೊಬ್ಬಳು ತನ್ನ ಹೆಸರಿನಲ್ಲೇ ಆಡಳಿತ ನಡೆಸಿದಳೆನ್ನಲು ಅಂಗೈಯಲ್ಲಿ ಹಿಡಿಯಬಹುದಾದ ಪುರಾವೆ ಈ ಮುದ್ರೆ.

ಕನ್ನಡಿಗರಿಗೆ ಈ ನೆಲದ ನಂಟು ಹಳೆಯದು. ಪ್ರಭಾವತಿಯ ಮೊಮ್ಮಗ ನರೇಂದ್ರಸೇನ ಕೈಹಿಡಿದದ್ದು ಕುಂತಲದ ದೊರೆಮಗಳು ಅಜ್ಝಿತಭಟ್ಟಾರಿಕೆಯನ್ನು. ಆಕೆ ಬನವಾಸಿಯ ಕದಂಬ ಕಾಕುಸ್ಥವರ್ಮನ ಮಗಳೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಕೊಟ್ಟ ಕಾಕುಸ್ಥನ ಹಿರಿಮೆಯನ್ನು ಶಿವಮೊಗ್ಗ ಜಿಲ್ಲೆಯ ತಾಳಗುಂದದ ಶಾಸನವೂ ಹೇಳುತ್ತದೆ. ಮುಂದೆ ಕ್ರಿ.ಶ. 940ರಲ್ಲಿ ಮಳಖೇಡದ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ ‘ನಾಗಪುರ–ನಂದಿವರ್ಧನ’ ಸೀಮೆಯ ಹಳ್ಳಿಯೊಂದನ್ನು ದಾನ ಕೊಟ್ಟ. ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ಆ ತಾಮ್ರಪಟ, ನಾಗಪುರದ ಹೆಸರಿರುವ ಬಹಳ ಹಳೆಯ ದಾಖಲೆಗಳಲ್ಲೊಂದು. ನಾಗಪುರದ ಚರಿತ್ರೆಯ ಒಂದು ಮುಖ್ಯ ಪುಟವನ್ನು ಬರೆಸಿದವನು ಕನ್ನಡ ನಾಡಿನ ಅರಸ.

ರಾಜಧಾನಿ ಮುಂದೆ ಪ್ರವರಪುರಕ್ಕೆ ಹೋಯಿತು, ವಂಶಗಳು ಅಳಿದವು. ನಗರಧನ್‌ನಲ್ಲಿ ಉಳಿದದ್ದು ಬೇಸಾಯ. ಇಂಥ ಊರುಗಳಲ್ಲಿ ಚರಿತ್ರೆಯನ್ನು ಕಾಯುವವರು ಅಲ್ಲಿ ನೆಲೆಸಿದವರೇ: ಮನೆಯ ಪಾಯ ತೋಡುವಾಗ, ಹೊಲ ಉಳುವಾಗ ಸಿಕ್ಕ ಹೆಂಚಿನ ಚೂರನ್ನು, ಇಟ್ಟಿಗೆಯನ್ನು ಬಿಸಾಡದೆ ಬಲ್ಲವರಿಗೆ ತೋರಿಸಿದರೆ ಮಾತ್ರ ಅದು ಉಳಿಯುತ್ತದೆ. ನಮ್ಮ ಬನವಾಸಿ, ಮಳಖೇಡಗಳಿಗೂ ಈ ಮಾತು ಸಲ್ಲುತ್ತದೆ. ಮುಂದಿನ ಸಲ ರಾಮಟೇಕ್‌ಗೆ ಹೋದಾಗ ನಗರಧನ್‌ಗಾಗಿ ಅರ್ಧ ದಿನ ಎತ್ತಿಡಿ. ಕೋಟೆ ನೋಡಿದ ಮೇಲೆ ಊರೊಳಗೂ ಒಂದು ಸುತ್ತು ಹಾಕಿ ಬನ್ನಿ.