ದೊಡ್ಡ ಕೆಲಸಕ್ಕೆ ಯಂತ್ರದ ಕೈ

ಸೊಲ್ಲಾಪುರದಲ್ಲಿ 1882ರಲ್ಲಿ ಜನಿಸಿದ ಶೇಠ್ ವಾಲಚಂದ ಹಿರಾಚಂದ ದೋಶಿಯವರ ಹೆಸರು ನಮ್ಮ ಸಮಾಜದ ಯಾವ ಮನೆಗೂ ಹೊಸದಲ್ಲ. ತಂದೆ ಹಿರಾಚಂದ ನೇಮಚಂದರು ‘ಜೈನ ಬೋಧಕ’ ಪತ್ರಿಕೆಯನ್ನು ಆರಂಭಿಸಿದ ಹಿರಿಯರು. ಮನೆತನದ ಧಂಧೆ ಹತ್ತಿ ಮತ್ತು ಲೇವಾದೇವಿ. ಮಗನಿಗೆ ಮಾತ್ರ ಗಾದಿಯ ಮೇಲೆ ಕುಳಿತು ಮಾಡುವ ವ್ಯಾಪಾರ ಒಗ್ಗಲಿಲ್ಲ. ಮೊದಲು ರೈಲ್ವೆ ಗುತ್ತಿಗೆ ಹಿಡಿದರು. 1926ರಲ್ಲಿ ಇಂಡಿಯನ್ ಹ್ಯೂಮ್ ಪೈಪ್ ಕಂಪನಿ, 1940ರಲ್ಲಿ ಮೈಸೂರು ಸರಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರಖಾನೆ, ಅದರ ಬೆನ್ನಿಗೇ ವಿಶಾಖಪಟ್ಟಣದಲ್ಲಿ ಹಡಗು ಕಟ್ಟುವ ಕಾರಖಾನೆ. 1948ರ ಮಾರ್ಚ್ 14ರಂದು ಪಂಡಿತ ನೆಹರೂರವರು ನೀರಿಗಿಳಿಸಿದ ‘ಜಲ ಉಷಾ’ ಅಲ್ಲಿಯೇ ಕಟ್ಟಿದ ಹಡಗು. ಇಂದಾಪುರ ತಾಲೂಕಿನ ವಾಲಚಂದನಗರದ ಕಾರಖಾನೆಯು ಸಕ್ಕರೆ ಗಿರಣಿಗಳ ಯಂತ್ರ ತಯಾರಿಸುತ್ತಲೇ ಮುಂದೆ ಇಸ್ರೋದ ರಾಕೆಟ್ಟುಗಳ ಉಕ್ಕಿನ ಕವಚದ ಕೆಲಸಕ್ಕೂ ಕೈ ಹಾಕಿತು. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತೊಯ್ದ ರಾಕೆಟ್ಟಿನ ಎರಡು ಪಕ್ಕೆಗಳಿಗೆ ಎಸ್-200 ಎಂಬ ಬೂಸ್ಟರುಗಳಿದ್ದವು. ಒಂದೊಂದರ ಅಡ್ಡಳತೆ 3.2 ಮೀಟರು, ಒಳಗೆ ಸುಮಾರು 200 ಟನ್ನು ಇಂಧನ. ಅವುಗಳ ಭಾಗಗಳು ವಾಲಚಂದನಗರದಲ್ಲಿಯೂ ತಯಾರಾದವು.

ಇಂಥ ಭಾರೀ ವಸ್ತುಗಳನ್ನು ಇನ್ನು ಮುಂದೆ ಮನುಷ್ಯರ ಬದಲು ರೋಬೋಟ್, ಅಂದರೆ ಯಂತ್ರಮಾನವ ಕಟ್ಟುತ್ತದೆ ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಮಕ್ಕಳು ಯಾವ ವಿದ್ಯೆ ಕಲಿಯಬೇಕು, ರೊಕ್ಕ ಎಲ್ಲಿ ಹಾಕಬೇಕು ಎಂದು ವಿಚಾರ ಮಾಡುವ ನಮ್ಮಂಥ ಕುಟುಂಬಗಳು ಈ ಮಾತನ್ನು ತಕ್ಕಡಿಯಲ್ಲಿಟ್ಟು ನೋಡುವುದು ಒಳ್ಳೆಯದು.

ಮೊದಲು ಹ್ಯೂಮ್ ಪೈಪನ್ನೇ ತೆಗೆದುಕೊಳ್ಳೋಣ. ಹಳ್ಳದ ಮೋರಿಗೆ ಹಾಕುವ ಆ ಸಿಮೆಂಟ್ ಪೈಪನ್ನು ನಾವೆಲ್ಲರೂ ದಿನಾ ದಾಟುತ್ತೇವೆ. ಆಸ್ಟ್ರೇಲಿಯಾದ ವಾಲ್ಟರ್ ಹ್ಯೂಮ್ ಕಂಡುಹಿಡಿದ ಯುಕ್ತಿ ಅದು. ಉಕ್ಕಿನ ಅಚ್ಚನ್ನು ಅಡ್ಡ ಮಲಗಿಸಿ ಜೋರಾಗಿ ತಿರುಗಿಸಿದರೆ ಒಳಗಿನ ಹಸಿ ಕಾಂಕ್ರೀಟು ತಾನಾಗಿ ಗೋಡೆಗೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಕೆಲಸಗಾರ ಪೈಪಿನ ಸುತ್ತ ಓಡಾಡಬೇಕಿಲ್ಲ, ಪೈಪೇ ತಿರುಗುತ್ತದೆ. ಸೊಲ್ಲಾಪುರ-ವಿಜಯಪುರ ಹೆದ್ದಾರಿಯಲ್ಲಿ ಉದ್ದನೆಯ ಲಾರಿಗಳ ಮೇಲೆ ಸಾಗುವ ಗಾಳಿಯಂತ್ರದ ಕಂಬದ ತುಂಡುಗಳನ್ನು ನೋಡಿರಬಹುದು. ದಪ್ಪ ಉಕ್ಕಿನ ಹಾಳೆಯನ್ನು ರೋಲರಿನಲ್ಲಿ ಬಾಗಿಸಿ ಬಳೆ ಮಾಡುತ್ತಾರೆ, ಬಳೆಗೆ ಬಳೆ ಜೋಡಿಸಿ ಗಾಲಿಗಳ ಮೇಲೆ ನಿಧಾನವಾಗಿ ತಿರುಗಿಸುತ್ತಾರೆ, ಬೆಸುಗೆಯ ತಲೆ ಒಂದೇ ಕಡೆ ನಿಂತಿರುತ್ತದೆ. ಇದೂ ಯಂತ್ರದ ಕೆಲಸವೇ, ಆದರೆ ಇದಕ್ಕೆ ರೋಬೋಟಿನ ಬುದ್ಧಿ ಬೇಕಿಲ್ಲ. ದುಂಡಗಿರುವ ವಸ್ತುವಿಗೆ ಹಳೆಯ ಯುಕ್ತಿಯೇ ಸಾಕು.

ತೊಡಕು ಬರುವುದು ದುಂಡಗಿಲ್ಲದ, ತಿರುಗಿಸಲು ಬಾರದ ವಸ್ತುವಿನಲ್ಲಿ. 1961ರಲ್ಲಿ ಅಮೇರಿಕೆಯ ಜನರಲ್ ಮೋಟಾರ್ಸ್ ಕಾರಖಾನೆಯಲ್ಲಿ ಯೂನಿಮೇಟ್ ಎಂಬ ರೋಬೋಟ್ ಕೆಲಸಕ್ಕೆ ನಿಂತಿತು. ಮೋಟಾರಿನ ಧಂಧೆಯಲ್ಲಿ ಒಂದೇ ಅಳತೆಯ ಸಾವಿರಾರು ಭಾಗಗಳು ತಾವೇ ರೋಬೋಟಿನ ಮುಂದೆ ಬಂದು ನಿಲ್ಲುತ್ತವೆ. ಹಡಗು ಹಾಗೆ ಬರುವುದಿಲ್ಲ, ರೋಬೋಟೇ ಹಡಗಿನ ಬಳಿ ಹೋಗಬೇಕು. ಹೋದರೂ ಅಳತೆ ನಿಂತಲ್ಲಿ ನಿಲ್ಲುವುದಿಲ್ಲ. ನಮ್ಮ ಕಡೆಯ ಬಿಸಿಲಿನಲ್ಲಿ ಮುಂಜಾನೆಯಿಂದ ಮಧ್ಯಾಹ್ನದೊಳಗೆ ಉಕ್ಕು 30 ಡಿಗ್ರಿ ಕಾಯ್ದರೆ 30 ಮೀಟರು ಉದ್ದದ ತೊಲೆ ಸುಮಾರು 11 ಮಿಲಿಮೀಟರು ಬೆಳೆಯುತ್ತದೆ. ಬೆಸುಗೆಯ ಸಂದು ಇರುವುದೇ ಎರಡು-ಮೂರು ಮಿಲಿಮೀಟರು! ಇದರ ಮೇಲೆ ಬೆಸುಗೆಯ ಶಾಖಕ್ಕೆ ಹಾಳೆ ಸೊಟ್ಟಗಾಗುವುದು ಬೇರೆ. ನುರಿತ ವೆಲ್ಡರ್ ಇದನ್ನು ಕಣ್ಣಿನಿಂದ ನೋಡುತ್ತಲೇ ಕೈಯನ್ನು ಸರಿಪಡಿಸಿಕೊಳ್ಳುತ್ತಾನೆ. ರೋಬೋಟಿಗೆ ಕ್ಯಾಮರಾ, ಲೇಸರ್ ಕೊಟ್ಟು ಹೆಜ್ಜೆಹೆಜ್ಜೆಗೂ ಅಳೆಯುವುದನ್ನು ಕಲಿಸಬೇಕಾಗುತ್ತದೆ.

ಬೋಯಿಂಗ್ ಕಂಪನಿಯಂಥ ಧನವಂತರೂ ಇಲ್ಲಿ ಪೆಟ್ಟು ತಿಂದರು. 777 ವಿಮಾನದ ದೇಹಕ್ಕೆ ರಂಧ್ರ ಕೊರೆದು ರಿವೆಟ್ ಬಡಿಯಲು ರೋಬೋಟುಗಳ ಜೋಡಿಗಳನ್ನು ನಿಲ್ಲಿಸಿದರು, ಒಂದು ಒಳಗೆ, ಒಂದು ಹೊರಗೆ. ಒಳಗಿನದೂ ಹೊರಗಿನದೂ ತಾಳಮೇಳ ತಪ್ಪುತ್ತ ಹೋದವು, ಉಳಿದ ಕೆಲಸವನ್ನು ಮತ್ತೆ ಕೈಯಿಂದ ಮುಗಿಸಬೇಕಾಯಿತು. ಕೆಲವು ವರ್ಷ ಹೆಣಗಾಡಿ 2019ರಲ್ಲಿ ಆ ವ್ಯವಸ್ಥೆಯನ್ನು ಕೈಬಿಟ್ಟರು. ವಿಮಾನದ ಮೈಮೇಲೆ ಹಳಿ ಕಟ್ಟಿ, ಸಣ್ಣ ಯಂತ್ರದಿಂದ ರಂಧ್ರ ಕೊರೆಸಿ, ರಿವೆಟನ್ನು ಕುಶಲ ಕೆಲಸಗಾರರಿಂದಲೇ ಹಾಕಿಸುವ ರೀತಿಗೆ ಮರಳಿದರು. ಡೆನ್ಮಾರ್ಕಿನ ಓಡೆನ್ಸ್ ಹಡಗು ಕಾರಖಾನೆಯ ಕಥೆ ಬೇರೆ. 1990ರ ದಶಕದಲ್ಲೇ ಕ್ರೇನಿನಂಥ ಚೌಕಟ್ಟಿನಿಂದ ತೂಗುಬಿಟ್ಟ ರೋಬೋಟುಗಳು ಅಲ್ಲಿ ಬೆಸುಗೆ ಹಾಕುತ್ತಿದ್ದವು. 2006ರಲ್ಲಿ 397 ಮೀಟರು ಉದ್ದದ ‘ಎಮ್ಮಾ ಮೇರ್ಸ್ಕ್’ ಹಡಗನ್ನು ಕಟ್ಟಿದ ಖ್ಯಾತಿ ಅವರದು. ರೋಬೋಟುಗಳು ಚೆನ್ನಾಗಿಯೇ ದುಡಿದವು. ಆದರೂ ಏಷ್ಯಾದ ಕಾರಖಾನೆಗಳ ದರದ ಮುಂದೆ ನಿಲ್ಲಲಾಗದೆ 2012ರಲ್ಲಿ ಕೊನೆಯ ಹಡಗು ಕೊಟ್ಟು ಬಾಗಿಲು ಹಾಕಿದರು. ಯಂತ್ರ ಗೆದ್ದರೂ ಧಂಧೆ ಸೋಲಬಹುದೆಂಬುದು ವ್ಯಾಪಾರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಹಾಗಾದರೆ ರೋಬೋಟ್ ಬೇಡವೇ? ಬೇಡವೆನ್ನಲು ನನಗೆ ಮನಸ್ಸು ಬರುವುದಿಲ್ಲ. ತಡವಳದ ನಮ್ಮ ಅಂಗಡಿಗೆ ವೆಲ್ಡಿಂಗ್ ರಾಡ್ ಕೊಳ್ಳಲು ಬರುವ ಹುಡುಗರ ಕಣ್ಣು ನೋಡಬೇಕು, ಕೆಂಡದ ಹಾಗೆ ಕೆಂಪಾಗಿರುತ್ತವೆ. ರಾತ್ರಿ ಬಟಾಟಿಯ ಹೋಳು ಕಣ್ಣಿನ ಮೇಲಿಟ್ಟು ಮಲಗುತ್ತೇವೆ ಎನ್ನುತ್ತಾರೆ. (ನಾವು ತಿನ್ನದ ಬಟಾಟಿಗೆ ಇದೊಂದು ಉಪಯೋಗ!) ಕಣ್ಣಿಗಿಂತ ಹೆಚ್ಚಿನದು ಎದೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ದೊಡ್ಡ ಟಾಕಿಯ ಹೊಟ್ಟೆಯೊಳಗೆ ಇಳಿದು ತಾಸುಗಟ್ಟಲೆ ಬೆಸುಗೆ ಹಾಕುವವನಿಗೆ ಆ ಹೊಗೆಯೇ ಗಾಳಿ.

ಶಾಸ್ತ್ರದಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕು ಬಗೆಯಾಗಿ ಹೇಳಿದೆ. ಉದ್ಯೋಗೀ ಹಿಂಸೆ ಗೃಹಸ್ಥನಿಗೆ ಪೂರ್ತಿ ತಪ್ಪದು, ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳಬೇಕು ಎನ್ನುತ್ತೇವೆ. ಹಾಗೆನ್ನುವಾಗ ನಮ್ಮ ಲೆಕ್ಕಕ್ಕೆ ಬರುವುದು ಬಹುಮಟ್ಟಿಗೆ ಹುಳು-ಹುಪ್ಪಟೆ. ಕೂಲಿಯವನ ಪುಪ್ಪುಸವೂ ಆ ಲೆಕ್ಕದಲ್ಲಿ ಬರಬೇಡವೇ? ಟಾಕಿಯೊಳಗೆ ಮನುಷ್ಯನ ಬದಲು ಯಂತ್ರ ಇಳಿದರೆ ಅದು ಧರ್ಮಕ್ಕೆ ಹತ್ತಿರದ ಕೆಲಸವೆಂದೇ ನನ್ನ ತಿಳುವಳಿಕೆ. ಆದರೆ ಯಂತ್ರ ಬಂದ ದಿನವೇ ಆ ಹುಡುಗನನ್ನು ಮನೆಗೆ ಕಳಿಸಿದರೆ ಎದೆ ಉಳಿಸಿ ಹೊಟ್ಟೆಗೆ ಹೊಡೆದಂತಾಗುತ್ತದೆ. ಬೆಸುಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಂತ್ರಕ್ಕೆ ಕಲಿಸಿಕೊಡಲು ಬೆಸುಗೆ ಬಲ್ಲವನೇ ಬೇಕು. ಕಂಪ್ಯೂಟರ್ ಒಂದನ್ನೇ ಬಲ್ಲವನಿಂದ ಅದು ಆಗದು. ಬೋಯಿಂಗಿನವರು ಮತ್ತೆ ಕೆಲಸಗಾರರ ಕಡೆಗೆ ತಿರುಗಿದ್ದು ಸುಮ್ಮನೆ ಅಲ್ಲ. ಆದ್ದರಿಂದ ಮಕ್ಕಳನ್ನು ಈ ವಿದ್ಯೆಗೆ ಹಾಕುವ ಪಾಲಕರು ಆರು ತಿಂಗಳಾದರೂ ಅವರ ಕೈಗೆ ವೆಲ್ಡಿಂಗ್ ಹೋಲ್ಡರ್ ಕೊಡಿಸಲಿ. ವರ್ಕ್‌ಶಾಪಿಗೆ ರೋಬೋಟ್ ಕೊಳ್ಳುವವರು ಒಂದೇ ನಮೂನೆಯ ಮಾಲಿಗೆ ವರ್ಷಕ್ಕೆ ಎಷ್ಟು ಆರ್ಡರ್ ಇದೆ ಎಂದು ಮೊದಲು ಪುಸ್ತಕ ತೆಗೆದು ನೋಡಲಿ.

ನಮ್ಮ ಸುತ್ತಿನ ಸಕ್ಕರೆ ಕಾರಖಾನೆಗಳಲ್ಲಿ ಹಂಗಾಮು ಮುಗಿದ ಮೇಲೆ ನಡೆಯುವ ಬಾಯ್ಲರ್, ಟಾಕಿಗಳ ದುರಸ್ತಿಗೆ ಇಷ್ಟರಲ್ಲೇ ರೋಬೋಟ್ ಬರುವ ಲಕ್ಷಣ ಕಾಣುವುದಿಲ್ಲ. ಅಲ್ಲಿ ಒಂದು ತೇಪೆಯ ಹಾಗೆ ಇನ್ನೊಂದಿರುವುದಿಲ್ಲ. ಈ ದುರಸ್ತಿಯ ಗುತ್ತಿಗೆ ಹಿಡಿಯುವವರು ನಮ್ಮಲ್ಲಿಯೂ ಇದ್ದಾರೆ. ಹೊಗೆ ಎಳೆಯುವ ಫ್ಯಾನು, ಒಳ್ಳೆಯ ಮುಖವಾಡ, ಟಾಕಿಯ ಬಾಯಿಯಲ್ಲಿ ಕಾವಲಿಗೆ ಒಬ್ಬ ಮನುಷ್ಯ, ಇಷ್ಟರ ಖರ್ಚನ್ನು ಈ ಸಲದ ದರಪತ್ರಕದಲ್ಲಿಯೇ ಬರೆದು ಕೊಡಬಹುದು.