ಸೂಜಿ ಚುಚ್ಚದೆ ಪರೀಕ್ಷೆ

ಅಕ್ಕಂದಿರೇ, ಹಳೇಬೀಡಿನಲ್ಲಿ ಆಲೂಗೆಡ್ಡೆಗೆ, ಬೇಲೂರಿನಲ್ಲಿ ಕಾಫಿಗೆ ಔಷಧಿ ಹೊಡೀತೀವಿ. ಉಳಿದದ್ದು ಮನೆಯಲ್ಲೇ ಇಡ್ತೀವಿ. ಮಗು ನೆಲದ ಮೇಲೆ ಆಡುತ್ತದೆ. ಅದೇ ಕೈ ಬಾಯಿಗೆ ಹೋಗುತ್ತದೆ. ವಿಷ ಮೈಗೆ ಸೇರಿದೆಯೇ? ಸೂಜಿ ಚುಚ್ಚದೆಯೂ ತಿಳಿಯಬಹುದು.

ಉಚ್ಚೆ: ನಿನ್ನೆ ಮೊನ್ನೆ ಸೇರಿದ್ದು ಇದರಲ್ಲಿ ಸಿಗುತ್ತದೆ.

ಕೂದಲು: ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 3 ಸೆಂಟಿಮೀಟರ್ ಕೂದಲು 3 ತಿಂಗಳ ಲೆಕ್ಕ ಕೊಡುತ್ತದೆ.

ಕೈ ಒರೆಸಿದ ಬಟ್ಟೆ: ಕೈಗೆ ಅಂಟಿದ್ದನ್ನು ತೋರಿಸುತ್ತದೆ.

ಸಿಲಿಕೋನ್ ಪಟ್ಟಿ: ರಬ್ಬರಿನ ಹಾಗಿರುತ್ತದೆ. ಬಳೆ ಹಾಗೆ ತೊಡಿಸುತ್ತಾರೆ. ಸುತ್ತಲಿನ ವಿಷ ಇದಕ್ಕೆ ಹಿಡಿಯುತ್ತದೆ. 2014ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು.

ಇವೆಲ್ಲ ದೊಡ್ಡ ಪ್ರಯೋಗಾಲಯದ ಕೆಲಸ. ಮಗುವನ್ನು ಕಾಪಾಡೋದು ನಮ್ಮ ಕೆಲಸ. ಔಷಧಿ ಡಬ್ಬಿಯನ್ನು ಬೀಗ ಹಾಕಿ ಇಡಿ. ಮಗುವಿನ ಕೈ ಸೋಪಿನಿಂದ ತೊಳೆಯಿರಿ. ಮಗು ಔಷಧಿ ಕುಡಿದರೆ ಪರೀಕ್ಷೆಗೆ ಕಾಯಬೇಡಿ. ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ.